ಸಿಂಕಿನಲ್ಲಿ ಹೊಳೆದದ್ದು

ಲ್ಯಾಬಿನ ಬಾಟಲಿ ತೊಳೆಯುವಾಕೆ ಟೀ ಕೌಂಟರಿನ ಸಾಲಿನಲ್ಲಿ ನಿಂತಿದ್ದಳು. ಮುಂದೆಯೇ ಪ್ರೊಫೆಸರು, ಅವರ ವಿದ್ಯಾರ್ಥಿನಿ. ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಫ್ಲಾಸ್ಕುಗಳಿದ್ದವು.

“ಬಣ್ಣದ ದ್ರಾವಣ ತಿಳಿಯಾಗಿದ್ರೇನೇ ಹೊಳೆಯೋದು ಅಂದಿದ್ರಲ್ಲ ಸರ್. ಕದಡಿದ್ದನ್ನೆಲ್ಲ ಎಂಟು ತಿಂಗಳು ಸಿಂಕಿಗೆ ಚೆಲ್ಲಿದೆ.”

“ಹಳೇ ಬಣ್ಣಗಳೆಲ್ಲ ಹಾಗೇ ಕಣಮ್ಮ. ಗುಂಪು ಸೇರಿದ್ರೆ ಮಂಕಾಗ್ತವೆ.”

“ನಮ್ಮ ಈ ಹೊಸ ಬಣ್ಣ ಉಲ್ಟಾ. ಅಣುಗಳು ಬಿಡಿಬಿಡಿಯಾಗಿದ್ರೆ ಸುಮ್ನೆ ಗಿರಗಿರ ತಿರುಗ್ತವೆ. ನೀರು ಬೆರೆಸಿ ಕದಡಿ ಒತ್ತೊತ್ತಾಗಿ ಕೂರಿಸಿದ್ರೆ ಹೊಳೀತವೆ. ನೀರು ಎಷ್ಟೋ ಬೆಳಕು ಅಷ್ಟು.”

“ಮೊದಲು ನೋಡಿದ್ದು ಯಾರು?”

“ಬಾಟ್ಲಿ ತೊಳೆಯೋ ಆಂಟಿ. ನೇರಳೆ ದೀಪ ಹಾಕಿದ್ರೆ ಸಿಂಕು ಹಳದಿಯಾಗಿ ಉರೀತಿದೆ, ನಿನ್ನ ಬಾಟ್ಲಿ ಮಾತ್ರ ಕತ್ತಲು ಅಂದ್ರು.”

“ಪ್ರಬಂಧದಲ್ಲಿ ನಾವೇ ಬೇಕಂತ ಕದಡಿದ್ವಿ ಅಂತ ಬರಿ.”

“ಆಂಟಿ?”

“ಕೊನೇಲಿ ಕೃತಜ್ಞತೆ ಅಂತ ಒಂದು ಸಾಲು ಹಾಕು. ಹೆಸರೇನು?”

ವಿದ್ಯಾರ್ಥಿನಿ ಫೋನು ತೆಗೆದಳು. “ನಾಲ್ಕು ವರ್ಷದಿಂದ ಆಂಟಿ ಅಂತಾನೇ ಕರೆಯೋದು ಸರ್.”

“ಹೋಗ್ಲಿ, ಲ್ಯಾಬ್ ಸಿಬ್ಬಂದಿಗೆ ಅಂತ ಹಾಕು.”

ಅವಳು ಅದನ್ನೇ ಫೋನಿನಲ್ಲಿ ಬರೆದುಕೊಳ್ಳುತ್ತ, ತಲೆ ಎತ್ತದೆ ಹೊರಟಳು. ಪ್ರೊಫೆಸರು ಎರಡು ಲೋಟ ಟೀ ಹಿಡಿದು ಹಿಂದಕ್ಕೆ ತಿರುಗಿದರು.

“ಬಿಸಿ ಇದೆ, ಸ್ವಲ್ಪ ದಾರಿ ಬಿಡಮ್ಮ.”

ಫ್ಲಾಸ್ಕುಗಳನ್ನು ಎದೆಗವಚಿಕೊಂಡು ಆಕೆ ದಾರಿ ಬಿಟ್ಟಳು.