ತೂತು ಬೀಳದ ಜಾಡಿ

ಸಂಜೆ ಹಿಡಿದ ಮಳೆಗೆ ಕಟಿಬಾಸ್ ಹೊಳೆ ಹತ್ತಾರು ಸಂಸಾರಗಳ ನಮ್ಮ ಉದ್ದಮನೆಯ ಕಂಬಗಳ ಬುಡಕ್ಕೆ ಬಂದಿತ್ತು. ಎಲ್ಲ ಕೋಣೆಗಳವರೂ ಜಗಲಿಯ ಚಾಪೆಗಳ ಮೇಲೆ ಸೇರಿದ್ದೆವು. ಲುಲೊಂಗ್ ಅಜ್ಜಿ ತನ್ನ ಚೀನಾ ಜಾಡಿಗೆ ಬೆನ್ನು ಕೊಟ್ಟು ಅಡಿಕೆ ಜಗಿಯುತ್ತಿದ್ದಳು. ಸೊಂಟದೆತ್ತರದ ಕಂದು ಜಾಡಿ. ಅದರ ಕೊರಳ ಸುತ್ತ ಎರಡು ಡ್ರ್ಯಾಗನ್‌ಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ಅಣ್ಣ ಬೆಲಯೊಂಗ್ ಬೆರಳ ಗೆಣ್ಣಿನಿಂದ ಅದನ್ನು ತಟ್ಟಿದ.

"ಬಾಗ್ಲು ತಟ್ಟಿದ ಹಾಗೆ ತಟ್ಟಬೇಡ್ವೋ," ಅಂದಳು ಅಜ್ಜಿ. "ಯಾರು ಅಂತ ಒಳಗಿಂದ ಕೇಳಿದ್ರೆ ಏನಂತೀಯ?"

ನಾವು ಹತ್ತಿರ ಸರಿದೆವು.

"ನಮ್ಮಜ್ಜಿ ಸುಲಾವ್ ಸತ್ತಾಗ... ಗೊತ್ತಲ್ಲ, ಸತ್ತವರ ಜಾಡಿಯ ಬುಡಕ್ಕೆ ತೂತು ಹೊಡೆದು ಗೋರಿ ಮೇಲೆ ಇಡಬೇಕು, ಕಳ್ಳನಿಗೆ ಬೇಡವಾಗ್ಬೇಕು, ಸತ್ತವರಿಗೆ ಆ ಲೋಕದಲ್ಲಿ ಹೆಂಡ ತುಂಬಿಡೋಕೆ ಒದಗ್ಬೇಕು; ಇಲ್ಲಿ ತೂತಾದದ್ದು ಅಲ್ಲಿ ಗಟ್ಟಿ. ನಮ್ಮಪ್ಪ ಉಳಿ ಹಿಡ್ಕೊಂಡು ಹಗಲೆಲ್ಲ ಇದರ ಮುಂದೆ ಕೂತ. ಕೈ ಬರಲಿಲ್ಲ. ಅಂಗಡಿಯ ಯಾವುದೋ ಜಾಡಿಗೆ ತೂತು ಹೊಡೆದು ಇಟ್ಟುಬಂದ. ಮುದುಕಿ ಮೋಸ ಹೋಗೋಳೇ? ವಾಪಸ್ ಬಂದ್ಲು. ಇದಕ್ಕೆ ಎಷ್ಟು ಹೆಂಡ ತುಂಬಿಸಿದ್ರೂ ಬೆಳಿಗ್ಗೆಗೆ ಒಂದು ಗೇಣು ಇಳಿದಿರೋದು.

"ಆಮೇಲೆ ಅಪ್ಪನ ದಾಯಾದಿ ಲಂಬೊಂಗ್ ಬಂದ. 'ಜಾಡಿ ನಮ್ದು, ಹಬ್ಬಕ್ಕೆ ಅಂತ ಒಯ್ದೋಳು ಕೊಡಲೇ ಇಲ್ಲ, ಕಳ್ಳ ಮುದುಕಿ' ಅಂದ. ಸತ್ತವಳನ್ನ. ಸಾಕ್ಷಿ ಇಬ್ಬರಿಗೂ ಇಲ್ಲ. ಹಾಗಾದ್ರೆ ಹೊಳೆನೇ ಹೇಳ್ಲಿ ಅಂದ್ರು ಹಿರಿಯರು. ಎರಡು ಗಳ ನೆಟ್ರು. ಎರಡೂ ಕಡೆಯಿಂದ ಒಬ್ಬೊಬ್ರು ಗಳ ಹಿಡ್ದು ಮುಳುಗ್ಬೇಕು, ಮೊದಲು ತಲೆ ಎತ್ತಿದವರ ಮನೆ ಸುಳ್ಳರ ಮನೆ. ಸೋತ್ರೆ ಜಾಡಿ ಮಾತ್ರ ಹೋಗತ್ತಾ? ಕಳ್ಳಿ ಮೊಮ್ಮಕ್ಕಳು ಅಂತ ಹೊಳೆಯುದ್ದಕ್ಕೂ ಹೆಸರು. ಲಂಬೊಂಗ್ ಕಡೆಯೋನು ಮೊಸಳೆ ಥರ ಮುಳುಗೋನು. ನಮ್ಮಪ್ಪನ ಎದೆ ಕೆಮ್ಮಿನ ಗೂಡು. ನಾನಿಳಿದೆ. 'ಹುಡುಗಿ ಸ್ನಾನಕ್ಕೆ ಬಂದ್ಲು, ಸೋಪು ಕೊಡ್ರೋ' ಅಂತ ನಕ್ಕ ಲಂಬೊಂಗ್.

"ಜಾಡಿ ದಡದ ಮೇಲಿತ್ತು, ಎಲ್ಲರ ಕಣ್ಣೆದುರು, ಖಾಲಿ... ಇದು ನೆನಪಿರ್ಲಿ. ಕೆಳಗೆ ಗಳ ಅಪ್ಕೊಂಡೆ. ಎದೆ ಉರೀತು... ಕಿವಿಯಲ್ಲಿ ಜಾಗಟೆ... ಇನ್ನೇನು ಕೈ ಬಿಡಬೇಕು, ಯಾರೋ ಪಾದ ಹಿಡ್ಕೊಂಡ್ರು. ತಣ್ಣಗಿನ ಸಣ್ಣ ಕೈ. 'ಅದೇನವಸರ, ಕೂತ್ಕೋ.' ಕತ್ತಲಲ್ಲಿ ಮುಖಕ್ಕೆ ಏನೋ ದುಂಡಗೆ ತಗುಲ್ತು. ತಡವಿದೆ. ಜಾಡಿ ಬಾಯಿ. ಕೊರಳಲ್ಲಿ ಡ್ರ್ಯಾಗನ್ ಬೆನ್ನು. ತಲೆ ಒಳಗೆ ತೂರಿಸ್ದೆ... ಗಾಳಿ ಇತ್ತು, ಮಕ್ಕಳೇ, ಹಳೇ ಹೆಂಡದ ವಾಸನೆಯ ಗಾಳಿ. ಉಸಿರಾಡ್ದೆ. ಪಕ್ಕದಲ್ಲೇ ಇನ್ನೊಬ್ಬಳೂ ಉಸಿರಾಡ್ತಿದ್ಲು.

"ಮೊಸಳೆ ಯಾವಾಗ ಮೇಲೆದ್ದನೋ, ಕಾಣೆ. ನನ್ನನ್ನ ಎಳೆದು ತೆಗೆದಾಗ ದಡವೆಲ್ಲ ಕುಣೀತಿತ್ತು, ನಮ್ಮಪ್ಪ ಕೆಮ್ತಾ ಕೆಮ್ತಾ ಲಂಬೊಂಗ್ ಕೈಗೆ ಸೋಪು ತುರುಕ್ತಿದ್ದ. ಒಬ್ಬ ಹಿರಿಯ ನನ್ನ ಬಾಯಿ ಮೂಸಿ, 'ಇವಳು ಮುಳುಗಿದ್ಲೋ ಕುಡೀತಿದ್ಲೋ' ಅಂದ. ಖಾಲಿ ಜಾಡಿ ಎತ್ತೋಕೆ ಹೋದ್ರೆ ಅಲ್ಲಾಡಲೇ ಇಲ್ಲ. ಬಗ್ಗಿ ನೋಡಿದ್ರು. ಬಾಯಿಮಟ್ಟ ಹೊಳೆ ನೀರು, ನೀರಲ್ಲಿ ಮೀನು. ಲಂಬೊಂಗ್ ಮಂಡಿಯೂರಿ 'ತಪ್ಪಾಯ್ತು ತಾಯಿ' ಅಂದ. ನನಗಲ್ಲ, ಜಾಡಿಗೆ. ಆವತ್ತಿಂದ ಈ ಹೊಳೆಯಲ್ಲಿ ನಮ್ಮ ಮಾತಿಗೆ ಸಾಕ್ಷಿ ಕೇಳಿದವರಿಲ್ಲ."

"ಹೆಂಡ ಹೇಳಿದ ಕತೆ," ಅಂದ ಬೆಲಯೊಂಗ್.

ಅಜ್ಜಿ ಮೂಗು ಹಿಡಿದು ತುಟಿ ಬಿಗಿದಳು. ನಾವು ಕಾದೆವು. ತಗಡಿನ ಮೇಲೆ ಮಳೆ. ಆಮೇಲೆ, ಅವಳ ಬೆನ್ನ ಹಿಂದೆ, ಜಾಡಿ ನಿಧಾನಕ್ಕೆ ಒಂದು ಉಸಿರೆಳೆದುಕೊಂಡಿತು.

ಅಜ್ಜಿ ಮೂಗು ಬಿಟ್ಟು, ಅಡಿಕೆಯಿಂದ ಕಪ್ಪಾದ ಹಲ್ಲುಗಳಷ್ಟನ್ನೂ ತೋರಿಸಿ ನಕ್ಕಳು.

"ನಾನು ಸತ್ತಾಗ ಉಳಿ ಹಿಡ್ಕೊಂಡು ಬರ್ತೀರಲ್ಲ... ಬನ್ನಿ. ಅಷ್ಟೊತ್ತಿಗೆ ಒಳಗೆ ಇಬ್ಬರಿರ್ತೀವಿ."