ಕೊಯಿಲದ ಮದುಮಗನ ಮುಖ

ತುಳುವರ ಸೋಣ ತಿಂಗಳು ಹುಟ್ಟಿ ವಾರ ಕಳೆದರೂ ಹಿಂದಿನ ತಿಂಗಳು ಆಟಿಯ ಮಳೆ ಜಾಗ ಬಿಟ್ಟುಕೊಟ್ಟಿರಲಿಲ್ಲ. ಅರಂತೋಡು ದಾಟಿ ಸಂಪಾಜೆಯ ಕಡೆ ರಸ್ತೆಗೆ ಮರ ಬಿದ್ದಿದೆ, ಅದನ್ನು ಕಡಿದು ಮುಗಿಸುವಾಗ ಕತ್ತಲೆಯಾಗುತ್ತದೆ ಎಂದು ಗೊತ್ತಾದ ಮೇಲೆ ಬಸ್ಸಿನವರೂ ಜೀಪಿನವರೂ ಕೊಡೆ ಮಡಚುತ್ತ ಮೊಯ್ದೀನರ ಹೋಟೆಲಿಗೆ ನುಗ್ಗಿದರು. ಬೆಂಚುಗಳು ತುಂಬಿದವು. ಗೋಳಿಬಜೆ ಮುಗಿಯಿತು. ಕರೆಂಟು ಹೋಗಿ ಒಂದು ಚಾರ್ಜ್ ಲೈಟಿನ ಬೆಳಕಷ್ಟೇ ಉಳಿಯಿತು.

ಮೊಯ್ದೀನರ ಮಗಳು ಜಸೀನಾ ಗಲ್ಲಾದ ಬಳಿ ಕೂತು ಅಣ್ಣನ ಮದುವೆಯ ಹಳೆಯ ಫೋಟೋವೊಂದನ್ನು ಮೊಬೈಲಿನಲ್ಲಿ ತಿದ್ದುತ್ತಿದ್ದಳು. ಮದುಮಗನ ಹಿಂದೆ ಬಾಳೆಹಣ್ಣು ತಿನ್ನುತ್ತ ನಿಂತಿದ್ದ ಯಾರನ್ನೋ ಬೆರಳಿನಿಂದ ಉಜ್ಜಿದಳು. ಮನುಷ್ಯ ಹೋದ, ಅವನಿದ್ದಲ್ಲಿ ಗೋಡೆ ಬಂತು. ಪಕ್ಕದ ಬೆಂಚಿನಲ್ಲಿದ್ದ ತ್ಯಾಂಪಣ್ಣ ಅದನ್ನು ಕನ್ನಡಕದ ಮೇಲಿನಿಂದ ನೋಡಿದರು. ಕಡಬ ಪೇಟೆಯಲ್ಲಿ ಕೊಡೆ ರಿಪೇರಿ ಮಾಡಿಕೊಂಡೇ ಮುದುಕರಾದವರು ಅವರು. ಸಂಪಾಜೆಯ ಮಗಳ ಮನೆಗೆ ಹೊರಟು ಈ ಹೋಟೆಲಿನಲ್ಲಿ ಸಿಕ್ಕಿಬಿದ್ದಿದ್ದರು.

"ತೆಗೆಯುದು ಸುಲಭ ಮಗಳೇ," ಎಂದರು. "ಸೇರಿಸುವಾಗ ಮಾತ್ರ ಜಾಗ್ರತೆ ಬೇಕು."

"ಎಂತಕ್ಕೆ ಅಜ್ಜ?"

"ಹೇಳಿಬಿಡಿ ತ್ಯಾಂಪಣ್ಣ, ಹೇಗೂ ಮರ ಕಡಿದು ಆಗಲಿಲ್ಲ," ಎಂದು ಮೊಯ್ದೀನರು ಅವರ ಮುಂದೆ ಇನ್ನೊಂದು ಚಾಯ ಇಟ್ಟರು. ನಿಂತಿದ್ದವರು ಹತ್ತಿರ ಸರಿದರು. ತ್ಯಾಂಪಣ್ಣ ಅವಸರವಿಲ್ಲದೆ ಅರ್ಧ ಗ್ಲಾಸು ಕುಡಿದು ಶುರು ಮಾಡಿದರು.

ನನ್ನ ಅಂಗಡಿ ಇದ್ದ ಕಟ್ಟಡದ ಮಾಳಿಗೆಯಲ್ಲಿ ಪ್ರಖ್ಯಾತ್ ಅಂತ ಒಬ್ಬನ ಸ್ಟುಡಿಯೋ ಉಂಟು. ಹೆಸರು ಪ್ರಖ್ಯಾತ್, ಕಡಬ ದಾಟಿದರೆ ಯಾರಿಗೂ ಗೊತ್ತಿಲ್ಲ, ಅದು ಬೇರೆ ವಿಷಯ. ಆದರೆ ಹಳೇ ಫೋಟೋ ಸರಿ ಮಾಡುದರಲ್ಲಿ ಅವನನ್ನು ಮೀರಿಸುವವರಿಲ್ಲ. ಡಿಜಿಟಲ್ ಕ್ಯಾಮೆರಾ ಹೊಸತಾಗಿ ಬಂದ ಕಾಲದ ಫೋಟೋಗಳು ಉಂಟಲ್ಲ, ದೊಡ್ಡದು ಮಾಡಿದರೆ ಮುಖವೆಲ್ಲ ಚೌಕ ಚೌಕ, ಕಣ್ಣು ಕೆಂಪು ಕೆಂಪು... ಅಂಥದ್ದನ್ನು ಸಿ.ಡಿ.ಯಲ್ಲೋ ಪೆನ್‌ಡ್ರೈವಲ್ಲೋ ತಂದು ಕೊಟ್ಟರೆ, ಕಂಪ್ಯೂಟರಿನ ಮುಂದೆ ಕೂತು ಗೋಡೆಗೆ ಹಾಕುವ ಹಾಗೆ ಮಾಡಿ ಕೊಡುವವ. ಗಲ್ಫಿನಲ್ಲಿದ್ದವನನ್ನು ತಂಗಿಯ ಮದುವೆಯಲ್ಲಿ ನಿಲ್ಲಿಸುದು, ತೀರಿಹೋದ ಅಪ್ಪನನ್ನು ಮಗನ ಮನೆ ಒಕ್ಕಲಿಗೆ ಕರೆಸುದು, ಎಲ್ಲ ಅವನಿಗೆ ನೀರು ಕುಡಿದ ಹಾಗೆ. ಈಗ ನೀವು ಒಂದು ಒತ್ತಿದರೆ ಮುಖಕ್ಕೆ ಪ್ರಾಯ ಬರ್ತದೆ. ಆಗ ಎಲ್ಲ ಕೈಯಲ್ಲೇ ಮಾಡಬೇಕಿತ್ತು.

ಒಂದು ಆಟಿಯಲ್ಲಿ ಪೆರಾಬೆಯಿಂದ ಮೋಹಿನಿ ಅಂತ ಒಬ್ಬರು ಬಂದರು. ಅವರ ಸಣ್ಣ ಮಗಳು ನಿಖಿತಾ, ಒಂದನೇ ಕ್ಲಾಸಿನಲ್ಲಿರುವಾಗ ಜ್ವರ ಬಂದು ಹೋದವಳು. ಇದ್ದಿದ್ದರೆ ಮದುವೆಯ ಪ್ರಾಯ. ನಮ್ಮಲ್ಲಿ ಹೇಗೆ ಗೊತ್ತುಂಟಾ, ಸಣ್ಣದರಲ್ಲಿ ಹೋದ ಮಕ್ಕಳು ಅಲ್ಲಿಯೂ ಬೆಳೀತಾರೆ, ಪ್ರಾಯ ಬಂದ ಮೇಲೆ ಮನೆಗೆ ಉಪದ್ರ ಕೊಡ್ಲಿಕ್ಕೆ ಶುರು ಮಾಡ್ತಾರೆ... ಅಕ್ಕನಿಗೆ ಸಂಬಂಧ ಕೂಡಿ ಬರುದಿಲ್ಲ, ಬಂದದ್ದೂ ಮುರಿಯುದು. ಆಗ ಇನ್ನೊಂದು ಮನೆಯಲ್ಲಿ ಹಾಗೆಯೇ ಹೋದ ಒಬ್ಬ ಹುಡುಗನನ್ನು ಹುಡುಕಿ, ಬರಿ, ಅಂದರೆ ಗೋತ್ರ, ಬೇರೆ ಉಂಟಾ ನೋಡಿ, ಕುಲೆ ಮದಿಮೆ ಮಾಡುದು. ಸತ್ತವರಿಗೆ ಸತ್ತವರನ್ನು ಕೊಟ್ಟು ಮದುವೆ. ಬದುಕಿರುವವರಿಗೆ ಆಟಿಯಲ್ಲಿ ಮುಹೂರ್ತ ಇಲ್ಲ, ಸತ್ತವರಿಗೆ ಉಂಟು. ಒಂದು ಮಣೆಯಲ್ಲಿ ಸೀರೆ, ಒಂದು ಮಣೆಯಲ್ಲಿ ಪಂಚೆ ಶಾಲು ಇಟ್ಟು, ಧಾರೆ ಎರೆದು, ಊಟ ಬಡಿಸಿ... ಎಲ್ಲ ಕ್ರಮಪ್ರಕಾರವೇ.

"ಬರೀ ಸೀರೆ ಇಟ್ಟರೆ ನನಗೆ ಸಾಕಾಗುದಿಲ್ಲ," ಅಂದರಂತೆ ಮೋಹಿನಿ. "ಮದುಮಗಳಾಗಿ ಅವಳನ್ನು ಒಮ್ಮೆ ನೋಡಬೇಕು. ಮದುಮಗನೊಟ್ಟಿಗೆ."

ಪ್ರಖ್ಯಾತ್ ಒಪ್ಪಿದ. ಹುಡುಗಿಯ ಕಣ್ಣು ಹಳೇ ಫೋಟೋದ್ದೇ ಇಟ್ಟ, ಗಲ್ಲ ತಾಯಿಯದ್ದು, ಹಣೆ ಅಕ್ಕನದ್ದು, ಕೆಂಪು ಧಾರೆ ಸೀರೆ, ತಲೆ ತುಂಬ ಮಲ್ಲಿಗೆ. ಮೋಹಿನಿ ನೋಡಿ ಸ್ಟುಡಿಯೋದ ನೆಲದಲ್ಲೇ ಕೂತುಬಿಟ್ಟರು. ಇನ್ನು ಮದುಮಗ. ಅವನು ಕೊಯಿಲದ ಹುಡುಗ. ಅವರ ಮನೆಯಲ್ಲಿ ಇದ್ದದ್ದು ಹಳೇ ಮೊಬೈಲಿನ ಒಂದೇ ಒಂದು ಫೋಟೋ, ಅದರಲ್ಲಿಯೂ ಹುಡುಗ ಚೆಂಡಿನ ಹಿಂದೆ ಓಡ್ತಾ ಇದ್ದಾನೆ, ಮುಖ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ... ಮೂಗೂ ಇಲ್ಲ, ಬಾಯಿಯೂ ಇಲ್ಲ. ಮದುವೆ ಮರುದಿನ. ಆಗುದಿಲ್ಲ ಅಂತ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಹೆಸರು ಹೋಗ್ತದೆ ಅಂತ. ಗಿರಾಕಿಗಳ ಮುಖ ಕಂಪ್ಯೂಟರಿನಲ್ಲಿ ರಾಶಿ ಇತ್ತು, ಆದರೆ ಬೇರೆಯವರದ್ದು ಹಾಕಿದರೆ ಪಾಪ, ನನ್ನದೇ ಹಾಕಿದರೆ ಯಾರು ಕೇಳುದು ಅಂತ ಯೋಚನೆ ಮಾಡಿ, ತನ್ನ ಒಂದು ಹಳೇ ಫೋಟೋ ತೆಗೆದು, ಕಿವಿ ಸ್ವಲ್ಪ ಸಣ್ಣದು ಮಾಡಿ, ಮೀಸೆ ದಪ್ಪ ಮಾಡಿ, ಬಣ್ಣ ತಿಳಿ ಮಾಡಿ, ಹುಡುಗಿಯ ಪಕ್ಕ ನಿಲ್ಲಿಸಿದ. ಕೊಯಿಲದ ತಾಯಿ ಬಂದು ನೋಡಿ, ಅತ್ತು, "ಇವನೇ" ಅಂದರು. ತಾಯಿಯೇ ಇವನೇ ಅಂದ ಮೇಲೆ ಇವನು ಎಂತ ಹೇಳುದು?

ಮರುದಿನ ಪೆರಾಬೆಯಲ್ಲಿ ಆ ಫೋಟೋವನ್ನು ಮಣೆಗಳ ನಡುವೆ ನಿಲ್ಲಿಸಿ ಧಾರೆ ಎರೆದರು. ಕೂಗಿದ ಹೆಸರು ಕೊಯಿಲದ ಹುಡುಗನದ್ದೇ. ಆದರೆ ನೀವೇ ಹೇಳಿ ಮಾರಾಯ್ರೆ, ಮಣೆಯಲ್ಲಿ ಕೂತ ಹುಡುಗಿ ಹೆಸರನ್ನು ನೋಡ್ತಾಳಾ, ಮುಖವನ್ನು ನೋಡ್ತಾಳಾ...? ಪ್ರಖ್ಯಾತನ ಬರಿಯೂ ಬೇರೆಯೇ. ಅಡ್ಡಿ ಎಂತದ್ದೂ ಇರಲಿಲ್ಲ.

ಆ ವರ್ಷವೇ ಅವನಿಗೆ ಸುಳ್ಯದ ಪೂಜಿತಾಳೊಟ್ಟಿಗೆ ನಿಶ್ಚಯ ಆಯ್ತು. ಒಳ್ಳೆ ಹುಡುಗಿ, ಬಾಯಿ ಸ್ವಲ್ಪ ಜೋರು. ಇವನಿಗೆ ಅವಳೆಂದರೆ ಪ್ರಾಣ, ಸ್ಟುಡಿಯೋ ಮೆಟ್ಟಿಲು ಹತ್ತುವಾಗ ಅವಳ ಹತ್ತಿರ ಮಾತಾಡ್ಲಿಕ್ಕೆ ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಇಳಿಯುವಾಗಲೂ ಮುಗಿದಿರ್ತಿರಲಿಲ್ಲ. ನಿಶ್ಚಯದ ದಿನ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತದ್ದನ್ನು ನಾನೇ ನೋಡಿದ್ದೇನೆ. ಫೋಟೋದಲ್ಲಿ ನೋಡಿದರೆ ಇಬ್ಬರ ಮಧ್ಯೆ ಒಂದು ಸಂದು. ಒಬ್ಬರು ನಿಲ್ಲುವಷ್ಟು. ಎಲ್ಲ ಫೋಟೋದಲ್ಲಿಯೂ ಅಷ್ಟೇ ಅಗಲ. ಲೆನ್ಸಿನ ದೋಷ ಅಂತ ಇವನು ಕಂಪ್ಯೂಟರಿನಲ್ಲಿ ಪೂಜಿತಾಳನ್ನು ಹತ್ತಿರ ಎಳೆದು ಸಂದು ಮುಚ್ಚಿದ. ಬೆಳಿಗ್ಗೆ ತೆರೆದರೆ ಸಂದು ಪುನಃ ಉಂಟು. ದೊಡ್ಡದು ಮಾಡಿ ನೋಡಿದರೆ ಅಲ್ಲಿ ಕೆಳಗೆ ಹಾಸಿದ ಜಮಖಾನದಲ್ಲಿ ಎರಡು ಪಾದ ಊರಿದ ಗುರುತು...

ಒಂದು ದಿನ ಪೂಜಿತಾಳೇ ಕೇಳಿದಳು. "ಇದೆಂತ ಮಾರಾಯ್ರೆ, ನಿಮ್ಮ ಬೈಕಲ್ಲಿ ಹಿಂದೆ ಕೂತರೆ ನನ್ನ ಕೈ ನಿಮ್ಮ ಹೆಗಲಿಗೆ ಎಟುಕುದೇ ಇಲ್ಲ."

ಮತ್ತೆ ಆಟಿ ಬಂತು. ಸಂದು ಹೋಯ್ತು. ಯಾವ ಫೋಟೋ ತೆರೆದರೂ ಇಬ್ಬರೂ ಹೆಗಲು ತಾಗಿಸಿಕೊಂಡೇ ಇದ್ದಾರೆ. ಇವನಿಗೆ ನೆಲದಲ್ಲಿ ಕಾಲು ನಿಲ್ಲುದಿಲ್ಲ, ಸೋಣದಲ್ಲಿಯೇ ಮದುವೆ ಅಂತ ದಿನ ನೋಡಿಸಿದ, ನನಗೂ ಜಿಲೇಬಿ ತಂದು ಕೊಟ್ಟ. ಹಾಗಿರುವಾಗ ಬಳೆ ಅಂಗಡಿಯಲ್ಲಿ ಇವನಿಗೆ ಮೋಹಿನಿ ಸಿಕ್ಕಿದರು. ಕೆಂಪು ಬಳೆ ಆರಿಸ್ತಾ ಇದ್ದರು.

"ಆಟಿಗೆ ಮಗಳು ಬಂದಿದ್ದಾಳಲ್ಲ," ಅಂದರು. "ಹೊಸ ಮದುಮಗಳು ಆಟಿಯಲ್ಲಿ ತಾಯಿಮನೆಯಲ್ಲಿ ಕೂರುದು ಕ್ರಮ. ಬಂದದ್ದು ತಾಯಿಗೆ ಗೊತ್ತಾಗುದಿಲ್ವಾ? ಇನ್ನು ಸಂಕ್ರಮಣ ಕಳೆದ ಮೇಲೆ ಗಂಡ ಬಂದು ಕರಕೊಂಡು ಹೋಗಬೇಕು."

ಪ್ರಖ್ಯಾತನಿಗೆ ಆಗ ತಲೆಗೆ ಹೋಯ್ತು. ಪೆರಾಬೆಯವರೆಗೆ ಅವರ ಹಿಂದೆಯೇ ಹೋಗಿ, ಆದದ್ದು ಆದ ಹಾಗೆ ಹೇಳಿ, ಆ ಫೋಟೋ ತೆಗೆದುಬಿಡಿ ಅಮ್ಮ, ನನ್ನನ್ನು ಬಿಡಿಸಿ ಅಂತ ಕಾಲು ಹಿಡಿದ. ಮೋಹಿನಿಗೆ ಸಿಟ್ಟೇ ಬರಲಿಲ್ಲ. ಗೋಡೆಯ ಫೋಟೋವನ್ನು ನೋಡಿದರು, ಇವನನ್ನು ನೋಡಿದರು.

"ಕೊಟ್ಟ ಹೆಣ್ಣು ಕೊಟ್ಟಾಯ್ತು," ಅಂದರು. "ದೊಡ್ಡವಳಿಗೂ ಮದುವೆ ಆಯ್ತು, ಮನೆಯಲ್ಲಿ ನೆಮ್ಮದಿ ಉಂಟು. ಈಗ ಎಂತ ಬಿಡಿಸುದು? ಏಳಿ ಅಳಿಯಂದಿರೇ, ಊಟ ಮಾಡಿ ಹೋಗಿ."

ಇವನು ಊಟ ಮಾಡದೆ ಓಡಿ ಬಂದ. ಕಂಪ್ಯೂಟರಿನಿಂದ ಆ ಫೋಟೋ ಅಳಿಸಿದ, ಅಳಿಸಿ ಎಂತ ಪ್ರಯೋಜನ, ಧಾರೆ ಎರೆದದ್ದನ್ನು ಅಳಿಸ್ಲಿಕ್ಕೆ ಆಗ್ತದಾ? ಸಂಕ್ರಮಣ ಕಳೆಯಿತು. ಕರಕೊಂಡು ಬರ್ಲಿಕ್ಕೆ ಹೋಗಲಿಲ್ಲ. ಅವಳೇ ಬಂದಳು. ಸಂದು ಪುನಃ ಬಿತ್ತು. ಪೂಜಿತಾ ಕೂತು ಕೇಳಿದಳು, ಇವನು ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ನಂಬಿದಳು, ಅದೇ ಕಷ್ಟ ಆದದ್ದು. "ನಾನು ಎರಡನೆಯವಳಾಗಿ ಬರುದಿಲ್ಲ," ಅಂತ ಉಂಗುರ ತೆಗೆದು ಮೇಜಿನ ಮೇಲಿಟ್ಟು ಮೆಟ್ಟಿಲು ಇಳಿದು ಹೋದಳು. ಆ ದಿನ ಅವನು ಅತ್ತದ್ದು ಕೆಳಗೆ ನನ್ನ ಅಂಗಡಿಗೆ ಕೇಳ್ತಾ ಇತ್ತು. ನನಗೆ ತುಂಬ ಬೇಜಾರಾಯ್ತು, ಆದರೆ ಹತ್ತಿ ಹೋಗಿ ಎಂತ ಹೇಳುದು?

ಅಷ್ಟಕ್ಕೆ ಮುಗಿಯಲಿಲ್ಲ. ಕರೆಯದೆ ಬಂದ ಹೆಂಡತಿಗೆ ಕೋಪ ಇರುದಿಲ್ವಾ? ಆ ವರ್ಷ ಇವನು ತೆಗೆದ ಮದುವೆ ಫೋಟೋಗಳಲ್ಲೆಲ್ಲ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ. ಜನ ಜಗಳಕ್ಕೆ ಬಂದರು. ಮುಂದಿನ ಸಂಕ್ರಮಣಕ್ಕೆ ಇವನು ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ, ಪೆರಾಬೆಗೆ ಹೋಗಿ ಬಂದ. ಗಿರಾಕಿಗಳ ಫೋಟೋ ಸರಿಯಾಯ್ತು. ಆ ಮೇಲೆ ವರ್ಷ ವರ್ಷವೂ ಹೋಗ್ತಾನೆ... ನಗಬೇಡಿ. ಪೂಜಿತಾಳಿಗೆ ಬೇರೆ ಕಡೆ ಮದುವೆ ಆಗಿ ಮಕ್ಕಳೂ ಇದ್ದಾರೆ. ಕೊಯಿಲದ ಹುಡುಗ ಪಾಪ, ಅವನಿಗೆ ಇನ್ನೂ ಆಗಲಿಲ್ಲ.

ಮೊನ್ನೆಯೂ ಹೋಗಿದ್ದ. ವಾಪಸು ಬರುವಾಗ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕಿದ, ಕೈಯಲ್ಲಿ ಮೋಹಿನಿ ಕಟ್ಟಿ ಕೊಟ್ಟ ಪತ್ರೊಡೆ. "ಎಂತ ಮಾರಾಯ, ಕರಕೊಂಡು ಬಂದೆಯಾ?" ಅಂತ ನಾನು ಬರೀ ಬಾಯಿಮಾತಿಗೆ ಕೇಳಿದ್ದು.

"ಇಲ್ಲ ತ್ಯಾಂಪಣ್ಣ," ಅಂದ. "ಈ ಸಲ ಅತ್ತೆ ಕಳಿಸುದಿಲ್ಲ ಅಂದರು. ಚೊಚ್ಚಲ ಅಲ್ವಾ, ಹೆರಿಗೆ ತಾಯಿಮನೆಯಲ್ಲಿಯೇ ಆಗಬೇಕಂತೆ."

ನಾನು ಅವನ ಮುಖ ಸರಿಯಾಗಿ ನೋಡಿದೆ, ಹೆದರಿದ್ದಾನಾ ಅಂತ... ಹೇಳುವಾಗ ಅವನಿಗೆ ನಾಚಿಕೆ ಆಗ್ತಾ ಇತ್ತು.