ಮಂಡಿ ಊರಿದ ಗುರುತು

ಪ್ಯಾಂಟಿನ ಹರಕು ಹೊಲಿಸಲು ರಫೂ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ನನಗಿಂತ ಮೊದಲು ಬಂದಿದ್ದ ಹೆಂಗಸೊಬ್ಬರು ನಮಾಜಿನ ಹಾಸೊಂದನ್ನು ಮೇಜಿನ ಮೇಲೆ ಬಿಡಿಸಿದರು. ಬೇರೆಯವರ ಮಾತಿಗೆ ಕಿವಿಗೊಡುವುದು ಸರಿಯಲ್ಲವೆಂದು ಗೊತ್ತು. ಆದರೂ ಕೇಳಿದೆ, ಏನನ್ನೂ ಸೇರಿಸದೆ ಬರೆದಿದ್ದೇನೆ ಎಂದುಕೊಂಡಿದ್ದೇನೆ.

"ಮಗಳು ಗಂಡನ ಮನೆಗೆ ಹೊರಟಿದ್ದಾಳೆ ಭಾಯಿ. ನಮ್ಮತ್ತೆ ನೆನಪಿಗೆ ಇದನ್ನ ಕೊಡೋಣ ಅಂತ. ಸ್ವಲ್ಪ ಸರಿ ಮಾಡಿಕೊಡಿ."

"ಅವರು ತೀರಿಕೊಂಡಾಗಲೇ ಮಾಡಿಕೊಟ್ಟಿದ್ದೆನಲ್ಲಮ್ಮಾ. ಕುರ್ಚಿ ಕಾಲು ಊರಿ ಬಿದ್ದಿದ್ದ ತೂತೆಲ್ಲ ಮುಚ್ಚಿದ್ದೆ."

"ನಿಮ್ಮ ಹೊಲಿಗೆ ಗಟ್ಟಿಯಾಗೇ ಇದೆ. ಇಲ್ಲಿ ನೋಡಿ."

"ಅರೆ, ಮಂಡಿ ಊರೋ ಕಡೆ ಸವೆದಿದೆ. ಈ ಕಮಾನಿನ ಚಿತ್ರದ ಕೆಳಗೆ, ಹಣೆ ಮುಟ್ಟೋ ಕಡೇನೂ. ಇಷ್ಟು ನಮಾಜು ಮಾಡೋರು ಯಾರಮ್ಮಾ, ಯಜಮಾನರಾ?"

"ಅವರಾ? ಶುಕ್ರವಾರನೂ ನಾನೇ ಎಬ್ಬಿಸಿ ದಬ್ಬಬೇಕು. ಅವತ್ತು ನಿಮ್ಮ ಹತ್ರ ಹೊಲಿಸಿಕೊಂಡು ಹೋದಾಗಿಂದ ಇದು ಪೆಟ್ಟಿಗೆಯಲ್ಲೇ ಇತ್ತು, ಬೀಗ ಹಾಕಿ."

"ಹುಳ ತಿಂದಿರಬೇಕು."

"ಹುಳ ತಿಂದ ಹಾಗಿದೆಯಾ?"

ರಫೂಗಾರ ಬೆರಳಾಡಿಸಿ ನೋಡಿದ. "ಇಲ್ಲ. ಉಜ್ಜಿ ಉಜ್ಜಿ ಸವೆದದ್ದು. ಆದರೆ ನಿಮ್ಮತ್ತೆಗೆ ಮಂಡಿ ಬಗ್ತಾನೇ ಇರಲಿಲ್ಲ."

"ಕೊನೇವರೆಗೂ ಕುರ್ಚಿ ಮೇಲೇ ಕೂತು ಮಾಡಿದ್ರು. ಒಂದೇ ಒಂದು ಸಲ ಹಣೆ ನೆಲಕ್ಕೆ ಮುಟ್ಟಿಸಬೇಕು ಅಂತ ಅಳ್ತಿದ್ರು."

ರಫೂಗಾರ ಹಾಸಿನ ಮೇಲಿಂದ ಕೈ ತೆಗೆದ.

"ರಫೂ ಮಾಡಲಾಮ್ಮಾ?"

"ಬೇಡ ಭಾಯಿ. ಮಗಳಿಗೆ ಹೊಸದು ತಗೋತೀನಿ. ಇದರಡಿಗೆ ಒಂದು ದಪ್ಪ ಬಟ್ಟೆ ಕೊಟ್ಟು ಹೊಲಿದುಬಿಡಿ. ನಮ್ಮನೆ ನೆಲ ತುಂಬ ತಣ್ಣಗಿರುತ್ತೆ."

"ಯಾವಾಗ ಬೇಕು?"

"ಸಂಜೆ ನಮಾಜಿನೊಳಗೆ ಕೊಡಿ. ಅತ್ತೆ ಹುಡುಕ್ತಾರೆ," ಎಂದು ಹೇಳಿ ಅವರು ಮೆಟ್ಟಿಲಿಳಿದು ಹೋದರು.